‘ಸಿಬಿಐಗೆ ವಹಿಸಿ’: ತನಿಖೆ ಕೈ ಬದಲಾದಾಗ ಏನಾಗುತ್ತದೆ?

ಎಲ್ಲೋ ಒಂದು ಕೊಲೆ ನಡೆಯುತ್ತದೆ, ಇಲ್ಲವೇ ಕೋಟ್ಯಂತರ ರೂಪಾಯಿಗಳ ಹಗರಣವೊಂದು ಬಯಲಿಗೆ ಬರುತ್ತದೆ. ಮರುದಿನ ತಹಶೀಲ್ದಾರರ ಕಚೇರಿಯ ಮುಂದೆ ಜನ ಸೇರುತ್ತಾರೆ. ಅವರು ಕೊಡುವ ಮನವಿ ಪತ್ರದಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: ‘ಪ್ರಕರಣವನ್ನು ಸಿಬಿಐ ತನಿಖೆಗೆ ಒಪ್ಪಿಸಬೇಕು.’ ವಿಧಾನಸಭೆಯಲ್ಲಿ ವಿರೋಧ ಪಕ್ಷದವರೂ ಇದನ್ನೇ ಕೇಳುತ್ತಾರೆ. ಅವರೇ ಮುಂದೆ ಅಧಿಕಾರಕ್ಕೆ ಬಂದಾಗ, ‘ನಮ್ಮ ಪೊಲೀಸರು ಸಮರ್ಥರಿದ್ದಾರೆ, ಸಿಬಿಐ ಅಗತ್ಯವಿಲ್ಲ’ ಎನ್ನುತ್ತಾರೆ. ಇಂಥ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಎಷ್ಟೋ ಸಲ ಓದಿದ್ದೀರಿ. ನಿಮ್ಮಲ್ಲಿ ಕೆಲವರು ಅಂಥ ಮೆರವಣಿಗೆಯಲ್ಲಿ ನಡೆದಿರಲೂಬಹುದು.

ಹಾಗಾದರೆ ತನಿಖೆಯನ್ನು ಸಿಬಿಐಗೆ ಒಪ್ಪಿಸುವುದು ಎಂದರೇನು? ಹಾಗೆ ಒಪ್ಪಿಸುವ ಅಧಿಕಾರ ಯಾರಿಗಿದೆ? ಒಪ್ಪಿಸಿದ ಮಾತ್ರಕ್ಕೆ ಸತ್ಯ ಹೊರಬರುತ್ತದೆಯೇ? ಈ ಮೂರು ಪ್ರಶ್ನೆಗಳನ್ನು ಈ ದಿನ ನಾವು ಒಟ್ಟಿಗೆ ಪರಿಶೀಲಿಸೋಣ.

ಮೊದಲು ಸಂವಿಧಾನದಿಂದ ಆರಂಭಿಸೋಣ. ನಿಮ್ಮ ಪೌರನೀತಿ ಪುಸ್ತಕದಲ್ಲಿ ಏಳನೆಯ ಅನುಸೂಚಿಯ ಬಗ್ಗೆ ಓದಿದ್ದೀರಿ. ಅದರಲ್ಲಿ ಮೂರು ಪಟ್ಟಿಗಳಿವೆ: ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ ಮತ್ತು ಸಮವರ್ತಿ ಪಟ್ಟಿ. ರಾಜ್ಯ ಪಟ್ಟಿಯ ಮೊದಲನೆಯ ವಿಷಯ ಸಾರ್ವಜನಿಕ ಸುವ್ಯವಸ್ಥೆ, ಎರಡನೆಯದು ಪೊಲೀಸ್. ಅಂದರೆ ಒಂದು ಊರಿನಲ್ಲಿ ಅಪರಾಧ ನಡೆದರೆ ಅದನ್ನು ಪತ್ತೆಹಚ್ಚುವ ಹೊಣೆ ಆ ರಾಜ್ಯದ ಪೊಲೀಸರದು. ಇದಕ್ಕೆ ಕಾರಣವೂ ಇದೆ. ಆ ಊರಿನ ಓಣಿ, ಆ ಜನರ ಮಾತು, ಅಲ್ಲಿನ ಹಳೆಯ ಜಗಳ, ಜಮೀನಿನ ತಕರಾರು, ಇವೆಲ್ಲ ಗೊತ್ತಿರುವುದು ಸ್ಥಳೀಯ ಠಾಣೆಯವರಿಗೆ. ದೆಹಲಿಯಲ್ಲಿ ಕುಳಿತವರಿಗೆ ಅದು ಗೊತ್ತಾಗುವುದು ಕಷ್ಟ.

ಸ್ಥಳೀಯ ತನಿಖೆ ಹೇಗೆ ಸಾಗುತ್ತದೆ? ದೂರು ಬಂದ ಕೂಡಲೇ ಠಾಣಾಧಿಕಾರಿ ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್ ದಾಖಲಿಸುತ್ತಾರೆ. ತನಿಖಾಧಿಕಾರಿ ಸ್ಥಳಕ್ಕೆ ಹೋಗಿ ಪಂಚರ ಸಮ್ಮುಖದಲ್ಲಿ ಮಹಜರು ಮಾಡುತ್ತಾರೆ. ರಕ್ತದ ಕಲೆ, ಬೆರಳಚ್ಚು, ಗುಂಡಿನ ಚೂರು ಮುಂತಾದುವನ್ನು ಸಂಗ್ರಹಿಸಿ ಮೊಹರು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಸಾಕ್ಷಿಗಳ ಹೇಳಿಕೆ ಪಡೆಯುತ್ತಾರೆ. ಕೊನೆಗೆ ನ್ಯಾಯಾಲಯಕ್ಕೆ ಆರೋಪ ಪಟ್ಟಿಯನ್ನೋ, ಸಾಕ್ಷ್ಯ ಸಿಗಲಿಲ್ಲವಾದರೆ ‘ಬಿ ರಿಪೋರ್ಟ್’ ಎಂದು ಕರೆಯುವ ಮುಕ್ತಾಯ ವರದಿಯನ್ನೋ ಸಲ್ಲಿಸುತ್ತಾರೆ. ಈ ಹಂತಗಳಲ್ಲಿ ಮೊದಲ ಎರಡು ದಿನಗಳ ಕೆಲಸಕ್ಕೆ ಹೆಚ್ಚಿನ ಮಹತ್ವವಿದೆ. ಆಗ ಕೈತಪ್ಪಿದ ಸಾಕ್ಷ್ಯ ಆಮೇಲೆ ಸಿಗುವುದು ಅಪರೂಪ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಸಿಬಿಐ, ಅಂದರೆ ಕೇಂದ್ರೀಯ ತನಿಖಾ ದಳ. ಇದರ ಮೂಲ ಎರಡನೆಯ ಮಹಾಯುದ್ಧದ ಕಾಲದ್ದು. ಸೈನ್ಯಕ್ಕೆ ಬೇಕಾದ ಸಾಮಗ್ರಿಗಳ ಖರೀದಿಯಲ್ಲಿ ಲಂಚಗುಳಿತನ ಹೆಚ್ಚಿದಾಗ, 1941ರಲ್ಲಿ ಅಂದಿನ ಬ್ರಿಟಿಷ್ ಭಾರತ ಸರ್ಕಾರ ವಿಶೇಷ ಪೊಲೀಸ್ ವ್ಯವಸ್ಥೆಯೊಂದನ್ನು ರಚಿಸಿತು. 1946ರಲ್ಲಿ ಅದಕ್ಕೊಂದು ಕಾಯಿದೆಯ ಆಧಾರ ದೊರೆಯಿತು. ಅದೇ ‘ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯಿದೆ’. 1963ರ ಏಪ್ರಿಲ್ 1ರಂದು ಗೃಹ ಸಚಿವಾಲಯದ ನಿರ್ಣಯವೊಂದರ ಮೂಲಕ ಸಿಬಿಐ ಅಸ್ತಿತ್ವಕ್ಕೆ ಬಂತು. ಸಿಬಿಐಗೆಂದೇ ಪ್ರತ್ಯೇಕವಾದ ಕಾಯಿದೆ ಇಲ್ಲ. ಈಗಲೂ ಅದು ತನಿಖೆಯ ಅಧಿಕಾರ ಪಡೆಯುವುದು 1946ರ ಆ ಕಾಯಿದೆಯಿಂದಲೇ. ಇನ್ನೊಂದು ಸಂಗತಿಯನ್ನೂ ಗಮನಿಸಿ: ಸಿಬಿಐನಲ್ಲಿರುವ ಅನೇಕ ಅಧಿಕಾರಿಗಳು ರಾಜ್ಯಗಳ ಪೊಲೀಸ್ ಇಲಾಖೆಗಳಿಂದ ನಿಯೋಜನೆಯ ಮೇಲೆ ಹೋದವರು. ಅವರೂ ನಮ್ಮ ಠಾಣೆ, ನಮ್ಮ ಜಿಲ್ಲೆಗಳಲ್ಲಿ ಕೆಲಸ ಕಲಿತವರೇ.

ಕಾಯಿದೆಯ ಹೆಸರಿನಲ್ಲಿಯೇ ‘ದೆಹಲಿ’ ಎಂಬ ಶಬ್ದವಿದೆಯಲ್ಲವೇ? ಹಾಗಾದರೆ ದೆಹಲಿಯ ಪೊಲೀಸ್ ವ್ಯವಸ್ಥೆಯೊಂದು ಕರ್ನಾಟಕಕ್ಕೆ ಬಂದು ತನಿಖೆ ನಡೆಸುವುದು ಹೇಗೆ? ಇದಕ್ಕೆ ಕಾಯಿದೆಯ ಎರಡು ಕಲಮುಗಳನ್ನು ನೋಡಬೇಕು. 5ನೆಯ ಕಲಮಿನ ಪ್ರಕಾರ ಕೇಂದ್ರ ಸರ್ಕಾರ ಈ ಪೊಲೀಸರ ಅಧಿಕಾರವನ್ನು ರಾಜ್ಯಗಳಿಗೂ ವಿಸ್ತರಿಸಬಹುದು. ಆದರೆ 6ನೆಯ ಕಲಮು ಅದಕ್ಕೆ ಒಂದು ಬೀಗ ಹಾಕಿದೆ. ಆ ರಾಜ್ಯ ಸರ್ಕಾರದ ಒಪ್ಪಿಗೆ ಇಲ್ಲದೆ ಅವರು ಅಲ್ಲಿ ಅಧಿಕಾರ ಚಲಾಯಿಸುವಂತಿಲ್ಲ. ಕೇಂದ್ರಾಡಳಿತ ಪ್ರದೇಶಗಳು ಮತ್ತು ರೈಲ್ವೆ ಪ್ರದೇಶಗಳಿಗೆ ಮಾತ್ರ ಈ ಒಪ್ಪಿಗೆ ಬೇಡ.

ಈ ಒಪ್ಪಿಗೆಯಲ್ಲಿ ಎರಡು ಬಗೆ. ಒಂದು ನಿರ್ದಿಷ್ಟ ಒಪ್ಪಿಗೆ. ‘ಈ ಒಂದು ಪ್ರಕರಣವನ್ನು ನೀವು ತನಿಖೆ ಮಾಡಿ’ ಎಂದು ರಾಜ್ಯ ಸರ್ಕಾರ ಬರೆದುಕೊಡುವುದು. ಇನ್ನೊಂದು ಸಾಮಾನ್ಯ ಒಪ್ಪಿಗೆ. ಕೇಂದ್ರ ಸರ್ಕಾರದ ನೌಕರನೊಬ್ಬ ಹುಬ್ಬಳ್ಳಿಯಲ್ಲಿ ಲಂಚ ತೆಗೆದುಕೊಂಡರೆ, ಪ್ರತಿ ಸಲವೂ ಬೆಂಗಳೂರಿನ ಅನುಮತಿಗಾಗಿ ಕಾಯುವುದು ಬೇಡವೆಂದು ಮೊದಲೇ ಕೊಟ್ಟಿರುವ ಒಪ್ಪಿಗೆ ಅದು. ಹಲವು ದಶಕಗಳ ಕಾಲ ಬಹುತೇಕ ರಾಜ್ಯಗಳು ಇದನ್ನು ಕೊಟ್ಟಿದ್ದವು. ಆದುದರಿಂದ ತನಿಖೆ ಕೈ ಬದಲಾಯಿಸುವ ಮೊದಲನೆಯ ದಾರಿ ರಾಜ್ಯದ ಒಪ್ಪಿಗೆ.

ಎರಡನೆಯ ದಾರಿ ನ್ಯಾಯಾಲಯದ್ದು. ರಾಜ್ಯ ಸರ್ಕಾರವೇ ಒಪ್ಪದಿದ್ದರೆ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಸಿಬಿಐಗೆ ಆದೇಶ ನೀಡಬಹುದೇ? ಪಶ್ಚಿಮ ಬಂಗಾಳದ ಮಿಡ್ನಾಪುರ ಜಿಲ್ಲೆಯ ಗರ್ಬೇಟಾದಲ್ಲಿ 2001ರ ಜನವರಿಯಲ್ಲಿ ನಡೆದ ರಾಜಕೀಯ ಹಿಂಸೆಯ ಪ್ರಕರಣದಲ್ಲಿ ಈ ಪ್ರಶ್ನೆ ಎದ್ದಿತು. ಕಲ್ಕತ್ತಾ ಹೈಕೋರ್ಟ್ ಸಿಬಿಐ ತನಿಖೆಗೆ ಆದೇಶಿಸಿತು. ರಾಜ್ಯ ಸರ್ಕಾರ ಅದನ್ನು ಪ್ರಶ್ನಿಸಿತು. 2010ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಸಂವಿಧಾನ ಪೀಠ ತೀರ್ಪು ಕೊಟ್ಟಿತು. 6ನೆಯ ಕಲಮಿನ ಬೀಗ ಕೇಂದ್ರ ಸರ್ಕಾರಕ್ಕೆ ಹಾಕಿದ ಬೀಗ. ನಾಗರಿಕರ ಮೂಲಭೂತ ಹಕ್ಕುಗಳನ್ನು ಕಾಯಬೇಕಾದ ಉಚ್ಚ ನ್ಯಾಯಾಲಯಗಳನ್ನು ಅದು ತಡೆಯಲಾರದು ಎಂಬುದು ತೀರ್ಪಿನ ತಿರುಳು. ಆದರೆ ಅದೇ ಪೀಠ ಎಚ್ಚರಿಕೆಯ ಮಾತನ್ನೂ ಹೇಳಿತು. ಯಾರೋ ಸ್ಥಳೀಯ ಪೊಲೀಸರ ಮೇಲೆ ಆರೋಪ ಮಾಡಿದರೆಂಬ ಒಂದೇ ಕಾರಣಕ್ಕೆ ಈ ಅಧಿಕಾರವನ್ನು ಬಳಸಬಾರದು. ಅಸಾಧಾರಣ ಸಂದರ್ಭಗಳಲ್ಲಿ, ಮಿತವಾಗಿ ಬಳಸಬೇಕು. ಇಲ್ಲದಿದ್ದರೆ ಸಿಬಿಐ ಮುಂದೆ ಪ್ರಕರಣಗಳ ರಾಶಿ ಬಿದ್ದು, ನಿಜವಾಗಿ ಗಂಭೀರವಾದವುಗಳಿಗೂ ನ್ಯಾಯ ಸಿಗದಂತಾಗುತ್ತದೆ.

ಮೂರನೆಯ ದಾರಿ ಬೇರೆ ಸಂಸ್ಥೆಯದು. 2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ಭಯೋತ್ಪಾದಕರ ದಾಳಿ ನಡೆದ ನಂತರ ರಾಷ್ಟ್ರೀಯ ತನಿಖಾ ದಳ, ಅಂದರೆ ಎನ್‌ಐಎ ಕಾಯಿದೆ ಜಾರಿಗೆ ಬಂತು. ಭಯೋತ್ಪಾದನೆಯಂಥ, ಆ ಕಾಯಿದೆಯ ಅನುಸೂಚಿಯಲ್ಲಿ ಹೇಳಿದ ಅಪರಾಧಗಳಲ್ಲಿ ಕೇಂದ್ರ ಸರ್ಕಾರ ರಾಜ್ಯದ ಒಪ್ಪಿಗೆ ಕೇಳದೆಯೇ ತನಿಖೆಯನ್ನು ಎನ್‌ಐಎಗೆ ವಹಿಸಬಹುದು. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸ್ಫೋಟವಾದಾಗ ಮೊದಲು ಕೈಹಾಕಿದವರು ಬೆಂಗಳೂರಿನ ಪೊಲೀಸರು. ಕೆಲವೇ ದಿನಗಳಲ್ಲಿ ತನಿಖೆ ಎನ್‌ಐಎ ಕೈಗೆ ಹೋಯಿತು. ಏಪ್ರಿಲ್ 12ರಂದು ಇಬ್ಬರು ಶಂಕಿತರ ಬಂಧನವಾದದ್ದು ದೂರದ ಪಶ್ಚಿಮ ಬಂಗಾಳದಲ್ಲಿ.

ದಾರಿಗಳನ್ನು ನೋಡಿದ್ದಾಯಿತು. ಈಗ ಕಾರಣಗಳನ್ನು ನೋಡೋಣ. ತನಿಖೆಯನ್ನು ರಾಜ್ಯ ಪೊಲೀಸರಿಂದ ತೆಗೆದು ಬೇರೆಯವರಿಗೆ ಕೊಡಲು ಒಪ್ಪಬಹುದಾದ ಕಾರಣಗಳು ಮುಖ್ಯವಾಗಿ ಮೂರು.

ಅಪರಾಧ ಹಲವು ರಾಜ್ಯಗಳಿಗೆ ಹಬ್ಬಿರುವುದು ಮೊದಲನೆಯ ಕಾರಣ. ನಕಲಿ ಛಾಪಾ ಕಾಗದದ ಹಗರಣ ಇದಕ್ಕೆ ಒಳ್ಳೆಯ ಉದಾಹರಣೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿ ನಡೆಸಿದ ಈ ದಂಧೆ ಕರ್ನಾಟಕ, ಮಹಾರಾಷ್ಟ್ರ ಸೇರಿದಂತೆ ಅನೇಕ ರಾಜ್ಯಗಳಲ್ಲಿ ಹರಡಿತ್ತು. ಅವನ ಬಂಧನವಾದದ್ದು 2001ರಲ್ಲಿ, ರಾಜಸ್ಥಾನದ ಅಜ್ಮೀರದಲ್ಲಿ. ಕರ್ನಾಟಕ ತನ್ನದೊಂದು ವಿಶೇಷ ತಂಡವನ್ನು ರಚಿಸಿತು, ಮಹಾರಾಷ್ಟ್ರ ಇನ್ನೊಂದನ್ನು. ಒಂದು ರಾಜ್ಯದ ಪೊಲೀಸರಿಗೆ ಹಗ್ಗದ ಒಂದು ತುದಿ ಸಿಕ್ಕರೆ ಇನ್ನೊಂದು ತುದಿ ಬೇರೆ ರಾಜ್ಯದಲ್ಲಿ. ಕೊನೆಗೆ 2004ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣಗಳನ್ನು ಸಿಬಿಐಗೆ ಒಪ್ಪಿಸಿತು. ಇಂಥಲ್ಲಿ ರಾಷ್ಟ್ರಮಟ್ಟದ ಸಂಸ್ಥೆ ಬೇಕೇ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ಎರಡನೆಯ ಕಾರಣ, ಆರೋಪಕ್ಕೆ ಗುರಿಯಾದವರು ತನಿಖೆ ಮಾಡುವವರ ಮೇಲಧಿಕಾರಿಗಳೋ, ಮಂತ್ರಿಗಳೋ, ಸ್ವತಃ ಪೊಲೀಸರೋ ಆಗಿರುವುದು. ತನ್ನ ವರ್ಗಾವಣೆ ಯಾರ ಕೈಯಲ್ಲಿದೆಯೋ ಅವರನ್ನೇ ಪ್ರಶ್ನಿಸಬೇಕಾದ ಇನ್ಸ್‌ಪೆಕ್ಟರನ ಸ್ಥಿತಿಯನ್ನು ಊಹಿಸಿಕೊಳ್ಳಿ. ಆತ ಎಷ್ಟೇ ಪ್ರಾಮಾಣಿಕನಾಗಿರಲಿ, ಜನ ಅವನ ವರದಿಯನ್ನು ನಂಬುವುದು ಕಷ್ಟ. ಮೂರನೆಯ ಕಾರಣ ಇದಕ್ಕೆ ಹತ್ತಿರದ್ದು. ಪ್ರಕರಣದ ಸುತ್ತ ಅಪನಂಬಿಕೆ ದಟ್ಟವಾಗಿ, ಸಮಾಜದ ಶಾಂತಿಯೇ ಕದಡುವಂತಿದ್ದಾಗ ಹೊರಗಿನವರ ತನಿಖೆ ಬೇಕಾಗಬಹುದು.

ಆದರೆ ಕಾರಣ ಇದೆ ಎಂದು ಹೇಳಿದರೆ ಸಾಲದು, ತೋರಿಸಬೇಕು. ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ ನಿವೇಶನ ಹಂಚಿಕೆಯ ವಿವಾದ ನಿಮಗೆ ಗೊತ್ತಿದೆ. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಮೇಲೂ ಆರೋಪವಿದ್ದ ಆ ಪ್ರಕರಣವನ್ನು ಲೋಕಾಯುಕ್ತ ಪೊಲೀಸರಿಂದ ಸಿಬಿಐಗೆ ವರ್ಗಾಯಿಸಬೇಕೆಂದು ಅರ್ಜಿ ಸಲ್ಲಿಕೆಯಾಯಿತು. 2025ರ ಫೆಬ್ರವರಿ 7ರಂದು ಕರ್ನಾಟಕ ಹೈಕೋರ್ಟ್ ಅರ್ಜಿಯನ್ನು ವಜಾ ಮಾಡಿತು. ಲೋಕಾಯುಕ್ತ ತನಿಖೆ ಪಕ್ಷಪಾತದ್ದು ಅಥವಾ ಕಳಪೆ ಎಂದು ತೋರಿಸುವ ಸಾಮಗ್ರಿ ತನ್ನ ಮುಂದಿಲ್ಲ ಎಂಬುದು ನ್ಯಾಯಾಲಯ ಕೊಟ್ಟ ಕಾರಣ. ಆರೋಪ ನಿಜವೋ ಸುಳ್ಳೋ ಎಂಬುದು ಅಲ್ಲಿ ತೀರ್ಮಾನವಾಗಲಿಲ್ಲ. ತನಿಖೆಯನ್ನು ಒಬ್ಬರ ಕೈಯಿಂದ ಕಸಿಯಲು ಸಾಕಷ್ಟು ಕಾರಣವಿದೆಯೇ ಎಂಬುದಷ್ಟೇ ತೀರ್ಮಾನವಾಯಿತು. ಈ ಎರಡು ಪ್ರಶ್ನೆಗಳನ್ನು ಬೆರೆಸಬಾರದು.

ನ್ಯಾಯಾಲಯಗಳು ಇಷ್ಟು ಹಿಂಜರಿಯುವುದೇಕೆ? ಕೈ ಬದಲಾವಣೆಗೆ ಬೆಲೆ ತೆರಬೇಕಾಗುತ್ತದೆ. ಇತ್ತೀಚಿನ ಒಂದು ಪ್ರಕರಣದಿಂದ ಇದನ್ನು ತಿಳಿಯೋಣ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಯುವ ವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ನಡೆದು ಕೊಲೆಯಾದದ್ದು ತಿಳಿಯಿತು. ಮರುದಿನ ಕೋಲ್ಕತ್ತ ಪೊಲೀಸರು ಒಬ್ಬನನ್ನು ಬಂಧಿಸಿದರು. ಆತ ಪೊಲೀಸರೊಂದಿಗೇ ಕೆಲಸ ಮಾಡುತ್ತಿದ್ದ ಸ್ವಯಂಸೇವಕ. ಆಸ್ಪತ್ರೆಯ ಆಡಳಿತ ನಡೆದುಕೊಂಡ ರೀತಿಯ ಬಗ್ಗೆಯೂ ಜನ ರೊಚ್ಚಿಗೆದ್ದರು. ಆಗಸ್ಟ್ 13ರಂದು ಕಲ್ಕತ್ತಾ ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ವಹಿಸಿತು. ನಂಬಿಕೆ ಅಷ್ಟು ಕುಸಿದಿದ್ದಾಗ ಇದು ಬೇಕಾದದ್ದೇ. ಆದರೆ ಕೆಲವು ದಿನಗಳ ನಂತರ ಸುಪ್ರೀಂ ಕೋರ್ಟಿನಲ್ಲಿ ಸಿಬಿಐ ಪರವಾಗಿ ಕೇಳಿಬಂದ ಮಾತೇನು? ತಾವು ತನಿಖೆ ಆರಂಭಿಸಿದ್ದು ಐದನೆಯ ದಿನ, ಅಷ್ಟರಲ್ಲಿ ಘಟನಾ ಸ್ಥಳ ಬದಲಾಗಿಹೋಗಿತ್ತು ಎಂದು. ಮೊದಲ ದಿನಗಳ ಮಹತ್ವದ ಬಗ್ಗೆ ಆಗಲೇ ಹೇಳಿದೆನಲ್ಲ, ಅದು ಇಲ್ಲಿ ಕಾಣುತ್ತದೆ. ಹೊಸ ಸಂಸ್ಥೆ ಎಷ್ಟೇ ದೊಡ್ಡದಾಗಿದ್ದರೂ ಕಳೆದುಹೋದ ದಿನಗಳನ್ನು ಮರಳಿ ತರಲಾರದು. ಹಳೆಯ ತನಿಖಾಧಿಕಾರಿ ಬರೆದ ಮಹಜರು, ಕಟ್ಟಿದ ಮೊಹರು, ತೆಗೆದ ಛಾಯಾಚಿತ್ರ, ಇವುಗಳನ್ನೇ ಅದು ನೆಚ್ಚಿಕೊಳ್ಳಬೇಕು.

ಇನ್ನೊಂದು ಬೆಲೆಯೂ ಇದೆ. ಬಂಧಿತನಾದ ಆರೋಪಿಯ ವಿರುದ್ಧ ಕಾನೂನು ಹೇಳಿದ 60 ಅಥವಾ 90 ದಿನಗಳಲ್ಲಿ ಆರೋಪ ಪಟ್ಟಿ ಸಲ್ಲಿಸದಿದ್ದರೆ ಆತನಿಗೆ ಜಾಮೀನಿನ ಹಕ್ಕು ಬರುತ್ತದೆ. ಕೋಲ್ಕತ್ತ ಪ್ರಕರಣದಲ್ಲಿ ಸಾಕ್ಷ್ಯ ತಿರುಚಿದ ಆರೋಪದ ಮೇಲೆ ಸಿಬಿಐ ಬಂಧಿಸಿದ್ದ ಇಬ್ಬರಿಗೆ 2024ರ ಡಿಸೆಂಬರ್‌ನಲ್ಲಿ ಇದೇ ಕಾರಣಕ್ಕೆ ಜಾಮೀನು ದೊರೆಯಿತು. ಇನ್ನು ಮುಖ್ಯ ಅಪರಾಧದ ತೀರ್ಪು 2025ರ ಜನವರಿಯಲ್ಲಿ ಬಂದಾಗ ಜೀವಾವಧಿ ಶಿಕ್ಷೆಯಾದದ್ದು ಯಾರಿಗೆ? ಎರಡನೆಯ ದಿನವೇ ಕೋಲ್ಕತ್ತ ಪೊಲೀಸರು ಬಂಧಿಸಿದ್ದ ಅದೇ ವ್ಯಕ್ತಿಗೆ. ಇದರಿಂದ ಸಿಬಿಐ ತನಿಖೆ ವ್ಯರ್ಥವಾಯಿತೆಂದು ತಿಳಿಯಬೇಡಿ. ಸ್ಥಳೀಯರು ಹಿಡಿದವನೇ ಅಪರಾಧಿ ಎಂದು ಹೊರಗಿನವರು ಪರೀಕ್ಷಿಸಿ ಹೇಳುವುದಕ್ಕೂ ಬೆಲೆಯಿದೆ. ಕೈ ಬದಲಾದ ಮಾತ್ರಕ್ಕೆ ಫಲಿತಾಂಶ ಬದಲಾಗಲೇಬೇಕೆಂದಿಲ್ಲ ಎಂಬುದನ್ನು ಮಾತ್ರ ತಿಳಿಯಿರಿ.

ನಮ್ಮ ರಾಜ್ಯದಲ್ಲಿಯೂ ಇಂಥ ಅನುಭವವಾಗಿದೆ. ಉತ್ತರ ಕನ್ನಡದ ಹೊನ್ನಾವರದಲ್ಲಿ 2017ರ ಡಿಸೆಂಬರ್‌ನಲ್ಲಿ ಯುವಕನೊಬ್ಬನ ಶವ ಕೆರೆಯಲ್ಲಿ ಸಿಕ್ಕಿತು. ಊರಿನಲ್ಲಿ ಎರಡು ಕೋಮುಗಳ ನಡುವೆ ಘರ್ಷಣೆ ನಡೆದಿದ್ದ ದಿನಗಳವು. ಇದು ಕೊಲೆಯೆಂಬ ಮಾತು ಹಬ್ಬಿತು. ಕುಮಟಾ, ಶಿರಸಿಗಳಲ್ಲಿ ಕಲ್ಲು ತೂರಾಟ ನಡೆಯಿತು. ರಾಜ್ಯ ಸರ್ಕಾರ ತಾನೇ ಮುಂದಾಗಿ ಪ್ರಕರಣವನ್ನು ಸಿಬಿಐಗೆ ಒಪ್ಪಿಸಿತು. ಸುಮಾರು ಐದು ವರ್ಷಗಳ ನಂತರ, 2022ರಲ್ಲಿ ಸಿಬಿಐ ನ್ಯಾಯಾಲಯಕ್ಕೆ ಸಲ್ಲಿಸಿದ ವರದಿಯಲ್ಲಿ ಅದು ನೀರಿನಲ್ಲಿ ಮುಳುಗಿ ಆದ ಆಕಸ್ಮಿಕ ಸಾವು ಎಂದು ಹೇಳಿತು. ಸಿಬಿಐ ಬೇಕೆಂದು ಕೂಗಿದವರಲ್ಲಿ ಕೆಲವರು ಆ ವರದಿಯನ್ನು ಒಪ್ಪಲಿಲ್ಲ. ಇಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ತನಿಖೆ ಕೇಳುವಾಗ ನಮಗೆ ಬೇಕಾದದ್ದು ಸತ್ಯವೇ, ಅಥವಾ ನಾವು ಮೊದಲೇ ನಂಬಿರುವುದರ ಮೇಲೆ ದೊಡ್ಡ ಸಂಸ್ಥೆಯೊಂದರ ಮುದ್ರೆಯೇ? ಐದು ವರ್ಷ ಉತ್ತರಕ್ಕಾಗಿ ಕಾದ ಆ ಮನೆಯವರ ಸಂಕಟವನ್ನೂ ಮರೆಯಬಾರದು.

ಈಗ ಪರಸ್ಪರ ಹೋಲಿಸಿ ನೋಡಬಹುದಾದ ಪ್ರಕರಣಗಳಿಗೆ ಬರೋಣ. ಮಹಾರಾಷ್ಟ್ರದ ವಿಚಾರವಾದಿ ಡಾ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಮೊದಲು ಪುಣೆ ಪೊಲೀಸರು ತನಿಖೆ ಮಾಡಿದರು. 2014ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಸಿಬಿಐಗೆ ಕೊಟ್ಟಿತು. 2015ರ ಆಗಸ್ಟ್ 30ರಂದು ನಮ್ಮ ಸಂಶೋಧಕ ಡಾ. ಎಂ.ಎಂ. ಕಲಬುರ್ಗಿಯವರ ಹತ್ಯೆ ಧಾರವಾಡದ ಅವರ ಮನೆಯಲ್ಲಿಯೇ ನಡೆಯಿತು. ರಾಜ್ಯದ ಸಿಐಡಿ ತನಿಖೆ ಕೈಗೊಂಡಿತು, ಆದರೆ ವರ್ಷಗಳು ಉರುಳಿದರೂ ಆರೋಪ ಪಟ್ಟಿ ಸಿದ್ಧವಾಗಲಿಲ್ಲ. 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶ್ ಅವರ ಹತ್ಯೆ ಬೆಂಗಳೂರಿನಲ್ಲಿ ನಡೆಯಿತು. ಆಗಲೂ ಸಿಬಿಐಗೆ ವಹಿಸಿ ಎಂಬ ಒತ್ತಾಯ ಕೇಳಿಬಂತು. ರಾಜ್ಯ ಸರ್ಕಾರ ತನ್ನದೇ ಪೊಲೀಸರ ವಿಶೇಷ ತನಿಖಾ ತಂಡವನ್ನು ರಚಿಸಿತು.

ಆ ತಂಡದಲ್ಲಿದ್ದವರು ಕರ್ನಾಟಕದ ಪೊಲೀಸರೇ. ಆದರೆ ಅವರಿಗೆ ಈ ಒಂದೇ ಕೆಲಸ. ಬಂದೋಬಸ್ತು, ಗಣ್ಯರ ಭೇಟಿ, ಗಣೇಶೋತ್ಸವದ ಮೆರವಣಿಗೆ ಇವು ಯಾವುವೂ ಅವರ ತಲೆಯ ಮೇಲಿರಲಿಲ್ಲ. 2018ರಲ್ಲಿ ಚುನಾವಣೆ ನಡೆದು ಸರ್ಕಾರ ಬದಲಾಯಿತು, ತಂಡದ ಕೆಲಸ ನಿಲ್ಲಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ 9 ಸಾವಿರಕ್ಕೂ ಹೆಚ್ಚು ಪುಟಗಳ ಹೆಚ್ಚುವರಿ ಆರೋಪ ಪಟ್ಟಿ ಸಲ್ಲಿಕೆಯಾಯಿತು. ಕಲಬುರ್ಗಿಯವರ ಹತ್ಯೆಗೂ ಗೌರಿಯವರ ಹತ್ಯೆಗೂ ಬಳಸಿದ್ದು ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆಯ ಆಧಾರದ ಮೇಲೆ ತಂಡ ಹೇಳಿತು. ಕಲಬುರ್ಗಿಯವರ ಪತ್ನಿ ಸುಪ್ರೀಂ ಕೋರ್ಟಿನ ಮೊರೆ ಹೋಗಿದ್ದರು. 2019ರ ಫೆಬ್ರವರಿಯಲ್ಲಿ ಆ ನ್ಯಾಯಾಲಯ ಪ್ರಕರಣವನ್ನು ಇದೇ ತಂಡಕ್ಕೆ ಒಪ್ಪಿಸಿ, ಮೇಲ್ವಿಚಾರಣೆಯನ್ನು ಧಾರವಾಡದ ಹೈಕೋರ್ಟ್ ಪೀಠಕ್ಕೆ ವಹಿಸಿತು. ಅದೇ ವರ್ಷ ಆರೋಪ ಪಟ್ಟಿ ಸಲ್ಲಿಕೆಯಾಯಿತು. ಈ ತಂಡ ಕಲೆಹಾಕಿದ ಮಾಹಿತಿ ಮಹಾರಾಷ್ಟ್ರದ ತನಿಖೆಗೂ ನೆರವಾಯಿತು. 2018ರಲ್ಲಿ ಸಿಬಿಐ ದಾಭೋಲ್ಕರ್ ಪ್ರಕರಣದಲ್ಲಿ ಹೊಸ ಬಂಧನಗಳನ್ನು ಮಾಡಿತು. 2024ರ ಮೇ 10ರಂದು ಪುಣೆಯ ನ್ಯಾಯಾಲಯ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿ, ಮೂವರನ್ನು ಬಿಡುಗಡೆ ಮಾಡಿತು.

ಇದರಿಂದ ಏನು ತಿಳಿಯುತ್ತದೆ? ಒಂದು ಪ್ರಕರಣದಲ್ಲಿ ರಾಷ್ಟ್ರೀಯ ಸಂಸ್ಥೆ ವರ್ಷಗಟ್ಟಲೆ ತಡಕಾಡಿತು. ಇನ್ನೊಂದರಲ್ಲಿ ರಾಜ್ಯದ ಸಿಐಡಿಯೂ ತಡಕಾಡಿತು. ಮುಂದೆ ಸಾಗಿದ್ದು ರಾಜ್ಯದ್ದೇ ಆದ ಒಂದು ತಂಡ. ಆದುದರಿಂದ ತನಿಖೆ ಫಲಿಸುವುದಕ್ಕೆ ಸಂಸ್ಥೆಯ ಹೆಸರಿಗಿಂತ ಮುಖ್ಯವಾದ ಸಂಗತಿಗಳಿವೆ: ಬೇರೆ ಕೆಲಸದ ಹೊರೆಯಿಲ್ಲದ ನುರಿತ ಅಧಿಕಾರಿಗಳು, ನಡುವೆ ವರ್ಗಾವಣೆಯ ಭಯವಿಲ್ಲದಿರುವುದು, ವಿಜ್ಞಾನದ ನೆರವು, ಅಗತ್ಯವಿದ್ದಲ್ಲಿ ನ್ಯಾಯಾಲಯದ ಮೇಲ್ವಿಚಾರಣೆ. ಈ ನಾಲ್ಕು ಇದ್ದರೆ ರಾಜ್ಯ ಪೊಲೀಸರೂ ಗೆಲ್ಲುತ್ತಾರೆ. ಇಲ್ಲದಿದ್ದರೆ ಸಿಬಿಐ ಕೂಡ ಸೋಲುತ್ತದೆ.

ಸಿಬಿಐಗಾದರೂ ರಾಜಕೀಯದ ಒತ್ತಡವಿಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 1997ರಲ್ಲಿ ವಿನೀತ್ ನಾರಾಯಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಿಬಿಐ ನಿರ್ದೇಶಕರಿಗೆ ಕನಿಷ್ಠ ಎರಡು ವರ್ಷಗಳ ಅಧಿಕಾರಾವಧಿ ಇರಬೇಕೆಂದಿತು. 2013ರಲ್ಲಿ ಕಲ್ಲಿದ್ದಲು ಹಂಚಿಕೆ ಪ್ರಕರಣದ ವಿಚಾರಣೆಯಲ್ಲಿ ಅದೇ ನ್ಯಾಯಾಲಯ ಸಿಬಿಐಯನ್ನು ಪಂಜರದ ಗಿಳಿ ಎಂದು ಕರೆಯಿತು. ಲೋಕಪಾಲ ಕಾಯಿದೆ ಬಂದ ಮೇಲೆ ನಿರ್ದೇಶಕರ ಆಯ್ಕೆಗೆ ಪ್ರಧಾನಿ, ಲೋಕಸಭೆಯ ವಿರೋಧ ಪಕ್ಷದ ನಾಯಕರು ಮತ್ತು ಭಾರತದ ಮುಖ್ಯ ನ್ಯಾಯಮೂರ್ತಿ ಇರುವ ಸಮಿತಿ ಬಂತು. ರಾಜ್ಯದ ಪೊಲೀಸರ ಮೇಲೆ ರಾಜ್ಯ ಸರ್ಕಾರದ ನೆರಳು ಬೀಳುವಂತೆ, ಕೇಂದ್ರ ಸಂಸ್ಥೆಯ ಮೇಲೆ ಕೇಂದ್ರ ಸರ್ಕಾರದ ನೆರಳು ಬೀಳಬಹುದೆಂಬ ಆತಂಕ ಇಂದು ನಿನ್ನೆಯದಲ್ಲ.

ಈ ಆತಂಕದ ಹೆಸರಿನಲ್ಲಿಯೇ ಹಲವು ರಾಜ್ಯಗಳು ಸಾಮಾನ್ಯ ಒಪ್ಪಿಗೆಯನ್ನು ಹಿಂತೆಗೆದುಕೊಂಡವು. 2018ರಲ್ಲಿ ಪಶ್ಚಿಮ ಬಂಗಾಳ, 2020ರಲ್ಲಿ ಕೇರಳ ಮತ್ತು ಪಂಜಾಬ್, 2023ರಲ್ಲಿ ತಮಿಳುನಾಡು ಹೀಗೆ ಮಾಡಿದವು. 2024ರ ಸೆಪ್ಟೆಂಬರ್ 26ರಂದು ಕರ್ನಾಟಕದ ಸಚಿವ ಸಂಪುಟವೂ ಅದೇ ತೀರ್ಮಾನ ಕೈಗೊಂಡಿತು. ಸಿಬಿಐ ದುರ್ಬಳಕೆಯಾಗುತ್ತಿದೆ ಎಂದು ಸರ್ಕಾರ ಹೇಳಿತು. ತಮ್ಮವರನ್ನು ಉಳಿಸಿಕೊಳ್ಳಲು ಹೀಗೆ ಮಾಡಿದ್ದಾರೆಂದು ವಿರೋಧ ಪಕ್ಷದವರು ಹೇಳಿದರು. ಕೆಲವು ರಾಜ್ಯಗಳಲ್ಲಿ ಸರ್ಕಾರ ಬದಲಾದಾಗ ಒಪ್ಪಿಗೆಯೂ ಮರಳಿ ಬಂದದ್ದುಂಟು. ಮಹಾರಾಷ್ಟ್ರ 2020ರಲ್ಲಿ ಹಿಂತೆಗೆದುಕೊಂಡದ್ದನ್ನು 2022ರಲ್ಲಿ ಮತ್ತೆ ಕೊಟ್ಟಿತು. ಒಂದು ನಿಯಮ ಮಾತ್ರ ಸ್ಪಷ್ಟವಿದೆ. ಸಿಕ್ಕಿಂಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ 1994ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದಂತೆ, ಒಪ್ಪಿಗೆ ಹಿಂತೆಗೆದುಕೊಂಡರೂ ಅದಕ್ಕೆ ಮುಂಚೆ ಆರಂಭವಾದ ತನಿಖೆ ನಿಲ್ಲುವುದಿಲ್ಲ. ನ್ಯಾಯಾಲಯದ ದಾರಿಯಂತೂ ಯಾವಾಗಲೂ ತೆರೆದಿರುತ್ತದೆ.

ಹಾಗಾದರೆ ನಾವು ಏನು ಕೇಳಬೇಕು? ಬಾಗಿಲಿಗೆ ಬೆಂಕಿ ಬಿದ್ದಾಗ ಬಾವಿ ತೋಡುವುದಕ್ಕಿಂತ ಬಾವಿ ಮೊದಲೇ ಇರುವುದು ಲೇಸು. ಪ್ರತಿ ದೊಡ್ಡ ಪ್ರಕರಣದಲ್ಲೂ ದೆಹಲಿಯ ಕಡೆ ಕೈ ತೋರಿಸುವ ಬದಲು ನಮ್ಮ ಊರಿನ ಠಾಣೆಯೇ ನಂಬಿಕೆಗೆ ಅರ್ಹವಾಗುವಂತೆ ಮಾಡಬೇಕು. ಇದು ಹೊಸ ಮಾತಲ್ಲ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಏಳು ನಿರ್ದೇಶನಗಳನ್ನು ನೀಡಿತು. ಠಾಣಾಧಿಕಾರಿ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಮುಂತಾದವರಿಗೆ ಕನಿಷ್ಠ ಎರಡು ವರ್ಷಗಳ ಅಧಿಕಾರಾವಧಿ ಇರಬೇಕು. ಅಪರಾಧ ತನಿಖೆಯನ್ನು ಕಾನೂನು ಸುವ್ಯವಸ್ಥೆಯ ಕೆಲಸದಿಂದ ಬೇರ್ಪಡಿಸಬೇಕು. ಪೊಲೀಸರ ವಿರುದ್ಧದ ದೂರು ಕೇಳಲು ಪ್ರಾಧಿಕಾರಗಳು ಬೇಕು. ಇವು ಅವುಗಳಲ್ಲಿ ಮುಖ್ಯವಾದವು. ಎರಡನೆಯದನ್ನು ಗಮನಿಸಿ. ಗೌರಿ ಪ್ರಕರಣದ ತಂಡಕ್ಕೆ ಸಿಕ್ಕ ಅನುಕೂಲ ಇದೇ ಅಲ್ಲವೇ? ಒಂದು ವಿಶೇಷ ತಂಡಕ್ಕೆ ಕೊಡಲು ಸಾಧ್ಯವಾದ ಅನುಕೂಲವನ್ನು ಪ್ರತಿಯೊಂದು ಠಾಣೆಯ ತನಿಖಾಧಿಕಾರಿಗೂ ಕೊಟ್ಟರೆ ಎಷ್ಟು ಪ್ರಕರಣಗಳು ಊರಿನಲ್ಲಿಯೇ ಬಗೆಹರಿದಾವು!

ವಿದ್ಯಾರ್ಥಿ ಮಿತ್ರರೇ, ಪತ್ರಿಕೆಗಳಿಗೆ ಬರುವ ಪ್ರಕರಣಗಳು ಬೆರಳೆಣಿಕೆಯಷ್ಟು. ದಿನವೂ ನಮ್ಮ ಠಾಣೆಗಳಲ್ಲಿ ದಾಖಲಾಗುವ ಸಾವಿರಾರು ದೂರುಗಳಿಗಾಗಿ ಯಾರೂ ಮೆರವಣಿಗೆ ಮಾಡುವುದಿಲ್ಲ. ಕಳವಾದ ಎಮ್ಮೆ, ವರದಕ್ಷಿಣೆಗಾಗಿ ಹಿಂಸೆ ಅನುಭವಿಸಿದ ಮಗಳು, ಚೀಟಿ ವ್ಯವಹಾರದಲ್ಲಿ ಮುಳುಗಿದ ಉಳಿತಾಯ, ಇವುಗಳನ್ನು ಯಾವ ಸಿಬಿಐ ತನಿಖೆ ಮಾಡೀತು? ಆ ಬಡವರಿಗೆ ಇರುವುದು ಊರಿನ ಠಾಣೆಯೊಂದೇ. ಪೊಲೀಸ್ ಸುಧಾರಣೆಯ ಮಾತು ಅವರಿಗಾಗಿಯೂ ಆಗಬೇಕು.

ಮುಂದಿನ ಸಲ ‘ಸಿಬಿಐಗೆ ವಹಿಸಿ’ ಎಂಬ ಕೂಗು ಕೇಳಿದಾಗ ಅದನ್ನು ಕೂಡಲೇ ಒಪ್ಪಲೂ ಬೇಡಿ, ತಳ್ಳಿಹಾಕಲೂ ಬೇಡಿ. ನಾಲ್ಕು ಪ್ರಶ್ನೆ ಕೇಳಿ. ಮೊದಲ ತನಿಖಾಧಿಕಾರಿ ಇಲ್ಲಿಯವರೆಗೆ ಮಾಡಿದ್ದೇನು, ಬಿಟ್ಟದ್ದೇನು? ಅಪರಾಧ ರಾಜ್ಯದ ಗಡಿ ದಾಟಿದೆಯೇ? ಆರೋಪಿಗಳು ತನಿಖೆಯವರ ಮೇಲೆ ಪ್ರಭಾವ ಬೀರಬಲ್ಲವರೇ? ಹೊಸಬರು ಬಂದರೆ ಅವರ ಕೆಲಸವನ್ನು ನೋಡಿಕೊಳ್ಳುವವರು ಯಾರು? ಇವುಗಳಿಗೆ ಸರಿಯಾದ ಉತ್ತರ ಸಿಕ್ಕಿದರೆ ತನಿಖೆ ಕೈ ಬದಲಾಗಲಿ. ಸಿಗದಿದ್ದರೆ ಈಗ ತನಿಖೆ ಯಾರ ಕೈಯಲ್ಲಿದೆಯೋ ಅವರನ್ನೇ ಹೊಣೆಗಾರರನ್ನಾಗಿ ಹಿಡಿಯೋಣ. ವರದಿ ಬಂದಾಗ, ಅದು ನಮಗೆ ಹಿತವಾಗಿದ್ದರೂ ಕಹಿಯಾಗಿದ್ದರೂ, ಓದಿ ವಿಚಾರ ಮಾಡುವ ತಾಳ್ಮೆಯನ್ನು ರೂಢಿಸಿಕೊಳ್ಳೋಣ.

ನಿಮ್ಮ ತರಗತಿಯಲ್ಲಿ ಈ ವಿಷಯವನ್ನಿಟ್ಟುಕೊಂಡು ಒಂದು ಚರ್ಚೆ ಏರ್ಪಡಿಸಿ. ಒಬ್ಬರು ರಾಜ್ಯದ ಪರವಾಗಿ ಮಾತನಾಡಲಿ, ಒಬ್ಬರು ಕೇಂದ್ರದ ಪರವಾಗಿ. ಮೂರನೆಯವರೊಬ್ಬರು ನೊಂದ ಕುಟುಂಬದ ಪರವಾಗಿ ಮಾತನಾಡಲಿ. ಆ ಮೂರನೆಯ ಮಾತನ್ನು ಎಲ್ಲರೂ ಗಮನವಿಟ್ಟು ಕೇಳಿ.